ಬಫಿ ಮಾಡಿದ್ದು ಸರಿಯೇ? ಕಾಮಿಕ್ಸ್ ಜಗಳದ ಒಳಗಿರುವ ಪ್ರಶ್ನೆ

2025ರ ಫೆಬ್ರವರಿಯಲ್ಲಿ ಅಮೆರಿಕದಿಂದ ಒಂದು ಸುದ್ದಿ ಬಂತು. 'ಬಫಿ ದ ವ್ಯಾಂಪೈರ್ ಸ್ಲೇಯರ್' ಧಾರಾವಾಹಿಯ ಮುಂದಿನ ಕಥೆಯನ್ನು ಹುಲು ಎಂಬ ಸ್ಟ್ರೀಮಿಂಗ್ ಸಂಸ್ಥೆಗಾಗಿ ತಯಾರಿಸುವ ಕೆಲಸ ಶುರುವಾಗಿದೆ, ಸಾರಾ ಮಿಷೆಲ್ ಗೆಲ್ಲರ್ ಮತ್ತೆ ಬಫಿಯಾಗಲಿದ್ದಾರೆ, ಮೊದಲ ಕಂತನ್ನು ಆಸ್ಕರ್ ಗೆದ್ದ ನಿರ್ದೇಶಕಿ ಕ್ಲೋಯಿ ಝಾವ್ ಮಾಡಲಿದ್ದಾರೆ ಎಂದು. ಅಭಿಮಾನಿಗಳಿಗೆ ಖುಷಿಯಾಯಿತು. ಅದರ ಬೆನ್ನಲ್ಲೇ ಹಳೆಯ ಜಗಳವೊಂದು ಎದ್ದು ಕೂತಿತು. ಹಾಗಾದರೆ ಕಾಮಿಕ್ಸ್‌ನಲ್ಲಿ ಬಫಿ ಮಾಡಿದ್ದೆಲ್ಲ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ?

ಧಾರಾವಾಹಿಯನ್ನು ಮಾತ್ರ ನೋಡಿದವರಿಗೆ ಈ ಪ್ರಶ್ನೆಯೇ ಗೊಂದಲ. ಯಾವ ಕಾಮಿಕ್ಸ್? ಅವಳು ಬ್ಯಾಂಕ್ ದೋಚಿದ್ದು ಯಾವಾಗ? ಅವಳ ಮೊದಲ ಪ್ರೇಮಿ, ವ್ಯಾಂಪೈರ್ ಏಂಜಲ್ ಖಳನಾಗಿದ್ದು ಹೇಗೆ? ಅವಳ ಗುರು ಜೈಲ್ಸ್ ಸತ್ತರೇ? ಇದನ್ನೆಲ್ಲ ಮೊದಲಿಂದ ಬಿಡಿಸಿ ನೋಡೋಣ. ಆ ಯೋಜನೆ ಬಂದರೂ ಬರದಿದ್ದರೂ ಈ ಜಗಳ ಉಳಿಯುತ್ತದೆ. ಅದಕ್ಕೆ ಕಾರಣಗಳಿವೆ.

ಧಾರಾವಾಹಿ ಎಲ್ಲಿ ನಿಂತಿತ್ತು

'ಬಫಿ' 1997ರ ಮಾರ್ಚ್‌ನಲ್ಲಿ ಶುರುವಾಗಿ 2003ರ ಮೇ ತಿಂಗಳಲ್ಲಿ ಮುಗಿಯಿತು. ಏಳು ಸೀಸನ್, 144 ಕಂತು. ಸೃಷ್ಟಿಕರ್ತ ಜಾಸ್ ವೀಡನ್. ಕಥೆಯ ತಳಪಾಯ ಸರಳ. ಪ್ರತಿ ತಲೆಮಾರಿಗೆ ಒಬ್ಬಳೇ ಹುಡುಗಿಗೆ ವ್ಯಾಂಪೈರ್‌ಗಳನ್ನು ಕೊಲ್ಲುವ ಶಕ್ತಿ ಬರುತ್ತದೆ. ಅವಳೇ ಸ್ಲೇಯರ್. ಅವಳು ಸತ್ತರೆ ಇನ್ನೊಬ್ಬಳು. ಯಾರನ್ನೂ ಕೇಳುವುದಿಲ್ಲ. ಅವಳಿಗೆ ಬೇಕೋ ಬೇಡವೋ, ಭಾರ ಅವಳ ಹೆಗಲಿಗೆ ಬಿದ್ದಿರುತ್ತದೆ.

ಕೊನೆಯ ಕಂತಿನಲ್ಲಿ ಬಫಿ ಈ ನಿಯಮವನ್ನೇ ಮುರಿಯುತ್ತಾಳೆ. ಬಹಳ ಹಿಂದೆ ಕೆಲವು ಗಂಡಸರು ಕೂತು ಮಾಡಿದ ನಿಯಮ ಇದು, ಇದನ್ನು ಬದಲಿಸೋಣ ಅನ್ನುತ್ತಾಳೆ. ಗೆಳತಿ ವಿಲೋಳ ಮಂತ್ರಶಕ್ತಿಯಿಂದ ಜಗತ್ತಿನಲ್ಲಿ ಸ್ಲೇಯರ್ ಆಗಬಹುದಾದ ಎಲ್ಲ ಹುಡುಗಿಯರಿಗೂ ಒಮ್ಮೆಗೇ ಶಕ್ತಿ ಬರುತ್ತದೆ. ಸನ್ನಿಡೇಲ್ ಊರು ನೆಲದೊಳಗೆ ಕುಸಿಯುತ್ತದೆ. ಬಫಿ ನಗುವ ಹಾಗೆ ಕಾಣುತ್ತದೆ. ಅಲ್ಲಿಗೆ ಮುಗಿಯಿತು.

ಬಹಳ ಜನರಿಗೆ ಅದು ಪರಿಪೂರ್ಣ ಅಂತ್ಯ. ಆದರೆ ಅದರೊಳಗೆ ಒಂದು ಬಿರುಕು ಆಗಲೇ ಇತ್ತು. ಬಫಿಯ ಮುಂದೆ ಕೂತಿದ್ದ ಹುಡುಗಿಯರನ್ನು ಅವಳು ಕೇಳಿದಳು, ನೀವು ಬಲಶಾಲಿಗಳಾಗಲು ತಯಾರಿದ್ದೀರಾ ಎಂದು. ಜಗತ್ತಿನ ಉಳಿದ ಹುಡುಗಿಯರನ್ನು ಯಾರೂ ಕೇಳಲಿಲ್ಲ. ಮುಂದಿನ ವರ್ಷವೇ, ಏಂಜಲ್‌ನ ಕಥೆ ಹೇಳುವ 'ಏಂಜಲ್' ಧಾರಾವಾಹಿಯ ಐದನೇ ಸೀಸನ್ನಿನಲ್ಲಿ ಡೇನಾ ಅನ್ನುವ ಹುಡುಗಿ ಬರುತ್ತಾಳೆ. ಬಾಲ್ಯದಲ್ಲಿ ಭೀಕರ ಹಿಂಸೆ ಅನುಭವಿಸಿ ಆಸ್ಪತ್ರೆ ಸೇರಿದ್ದವಳು. ಅವಳಿಗೂ ಆ ಶಕ್ತಿ ಬಂದಿರುತ್ತದೆ. ಅದರಿಂದ ಆಗುವ ಅನಾಹುತವನ್ನು ಆ ಕಂತು ತೋರಿಸಿತು. ಅಂದರೆ ಬಫಿಯ ಅತಿ ದೊಡ್ಡ ಆಯ್ಕೆಯನ್ನು ಪ್ರಶ್ನಿಸುವ ಕೆಲಸ ಕಾಮಿಕ್ಸ್‌ಗಿಂತ ಮೊದಲೇ ಶುರುವಾಗಿತ್ತು.

ಎಂಟನೇ ಸೀಸನ್ ಕಾಗದದ ಮೇಲೆ

2007ರ ಮಾರ್ಚ್‌ನಲ್ಲಿ ಡಾರ್ಕ್ ಹಾರ್ಸ್ ಪ್ರಕಾಶನ 'ಸೀಸನ್ ಎಂಟು' ಎಂಬ ಕಾಮಿಕ್ಸ್ ಸರಣಿಯನ್ನು ಶುರು ಮಾಡಿತು. ಬಫಿ ಕಾಮಿಕ್ಸ್ ಅದಕ್ಕೂ ಮೊದಲೇ, 1998ರಿಂದ ಬರುತ್ತಿದ್ದವು. ಆದರೆ ಅವು ಧಾರಾವಾಹಿಯ ಪಕ್ಕದ ಕಥೆಗಳು. ಇದು ಹಾಗಲ್ಲ. ವೀಡನ್ ತಾವೇ ಮೊದಲ ಸಂಚಿಕೆಗಳನ್ನು ಬರೆದರು, ಇಡೀ ಸರಣಿಯ ಉಸ್ತುವಾರಿ ಹೊತ್ತರು, ಇದೇ ಅಧಿಕೃತ ಮುಂದುವರಿಕೆ ಎಂದರು. ಡ್ರೂ ಗೊಡಾರ್ಡ್, ಜೇನ್ ಎಸ್ಪೆನ್ಸನ್ ತರಹ ಧಾರಾವಾಹಿಗೆ ಬರೆದವರೂ ಕೈ ಜೋಡಿಸಿದರು. ಹೆಚ್ಚಿನ ಸಂಚಿಕೆಗಳ ಚಿತ್ರ ಜಾರ್ಜಸ್ ಜೀಂಟಿ ಅವರದು, ಮುಖಪುಟಗಳು ಜೋ ಚೆನ್ ಅವರದು.

ಮೊದಲ ಸಂಚಿಕೆಯ ಒಂದು ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವು. 2008ರಲ್ಲಿ ಅತ್ಯುತ್ತಮ ಹೊಸ ಸರಣಿ ಎಂದು ಕಾಮಿಕ್ಸ್‌ಗೆ ಕೊಡುವ ಐಸ್ನರ್ ಪ್ರಶಸ್ತಿಯೂ ಬಂತು. 40 ಸಂಚಿಕೆಗಳ ಈ ಸರಣಿ 2011ರ ಜನವರಿಗೆ ಮುಗಿಯಿತು. ಅದಾದ ಮೇಲೆ ಒಂಬತ್ತು, ಹತ್ತು, ಹನ್ನೊಂದನೇ ಸೀಸನ್‌ಗಳು ಬಂದು, 2018ರಲ್ಲಿ ಹನ್ನೆರಡನೆಯದರ ಜೊತೆ ಈ ದಾರಿ ಮುಗಿಯಿತು.

ಇಲ್ಲಿ ಒಂದು ಅಂಶ ಗಮನಿಸಬೇಕು. ಕಾಮಿಕ್ಸ್ ಲೋಕದಲ್ಲಿ ಒಂದು ಲಕ್ಷ ಅಂದರೆ ದೊಡ್ಡ ಸಂಖ್ಯೆ. ಟಿವಿಯಲ್ಲಿ ಬಫಿಯನ್ನು ವಾರವಾರ ನೋಡುತ್ತಿದ್ದವರು ಅದಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಹಾಗಾಗಿ ಮೊದಲ ದಿನದಿಂದಲೇ ಅಭಿಮಾನಿಗಳಲ್ಲಿ ಎರಡು ಗುಂಪು. ಬಫಿಯ ಬದುಕು ಮುಂದೇನಾಯಿತು ಎಂದು ತಿಳಿದವರು ಕೆಲವರು, ಸನ್ನಿಡೇಲ್‌ನ ಗುಂಡಿಯ ಅಂಚಿನಲ್ಲಿ ಅವಳನ್ನು ಬಿಟ್ಟು ಬಂದವರು ಬಹಳ ಜನ. ಇಬ್ಬರೂ ಒಂದೇ ಹೆಸರಿನ ಇಬ್ಬರು ಬೇರೆ ಹೆಂಗಸರ ಬಗ್ಗೆ ಮಾತಾಡುತ್ತಿರುತ್ತಾರೆ.

ಸೇನಾಪತಿ ಬಫಿ

ಕಾಮಿಕ್ಸ್ ಶುರುವಾದಾಗ ಬಫಿ ಸ್ಕಾಟ್ಲೆಂಡ್‌ನ ಒಂದು ಕೋಟೆಯಲ್ಲಿದ್ದಾಳೆ. ಕನಿಷ್ಠ 1800 ಹುಡುಗಿಯರಿಗೆ ಶಕ್ತಿ ಬಂದಿದೆ, ಅವರಲ್ಲಿ ಸುಮಾರು 500 ಜನ ಅವಳ ಜೊತೆಗಿದ್ದಾರೆ. ಹತ್ತು ತಂಡಗಳು. ಕಂಪ್ಯೂಟರ್ ಪರದೆಗಳ ಮುಂದೆ ಕೂತು ಗೆಳೆಯ ಝ್ಯಾಂಡರ್ ಕಾರ್ಯಾಚರಣೆ ನಡೆಸುತ್ತಾನೆ. ಅಮೆರಿಕದ ಸೇನೆಯ ಕಣ್ಣಿಗೆ ಇದು ಅಪಾಯಕಾರಿ ಖಾಸಗಿ ಪಡೆ.

ಇಷ್ಟು ಜನರ ಊಟ, ಆಯುಧ, ವಿಮಾನಕ್ಕೆ ಹಣ ಎಲ್ಲಿಂದ? ಹತ್ತನೇ ಸಂಚಿಕೆಯಲ್ಲಿ ಉತ್ತರ ಸಿಗುತ್ತದೆ. ಬಫಿ ಸ್ವಿಟ್ಜರ್ಲೆಂಡ್‌ನ ಬ್ಯಾಂಕೊಂದನ್ನು ದೋಚಿದ್ದಾಳೆ. ಟಿವಿಯಲ್ಲಿ ಅವಳಿಗೆ ಮನೆಯ ನಲ್ಲಿ ರಿಪೇರಿಗೂ ದುಡ್ಡಿರಲಿಲ್ಲ. ಆರನೇ ಸೀಸನ್ನಿನಲ್ಲಿ ಹ್ಯಾಂಬರ್ಗರ್ ಅಂಗಡಿಯಲ್ಲಿ ದುಡಿದಳು. ಆ ಬಫಿ ಕದಿಯುವುದೇ ಎಂದು ಒಂದು ಪಕ್ಷ. ಐನೂರು ಹುಡುಗಿಯರ ಜವಾಬ್ದಾರಿ ಹೊತ್ತ ಮೇಲೆ ಬಫಿ ಹಳೆಯ ಬಫಿಯಾಗಿ ಉಳಿಯಲು ಹೇಗೆ ಸಾಧ್ಯ ಎಂದು ಇನ್ನೊಂದು ಪಕ್ಷ.

ಎರಡನೇ ಪಕ್ಷದ ಮಾತಿನಲ್ಲಿ ತೂಕವಿದೆ ಅನ್ನಿಸುತ್ತದೆ. ಅಧಿಕಾರ ಸಿಕ್ಕಾಗ ಒಳ್ಳೆಯವರು ಹೇಗೆ ಸ್ವಲ್ಪ ಸ್ವಲ್ಪವೇ ಜಾರುತ್ತಾರೆ ಎಂದು ತೋರಿಸುವುದು ಗಂಭೀರ ಕಥೆಯೇ. ಏಳನೇ ಸೀಸನ್ನಿನಲ್ಲೂ ಬಫಿ ಸೇನಾಪತಿಯ ಹಾಗೆ ಗಡುಸಾಗಿದ್ದಳು, ಗೆಳೆಯರೇ ಅವಳನ್ನು ಮನೆಯಿಂದ ಹೊರಗೆ ಕಳಿಸಿದ್ದರು. ಆ ಎಳೆ ಇಲ್ಲಿ ಮುಂದುವರಿದಿದೆ. ತೊಂದರೆ ಎಲ್ಲಿ ಅಂದರೆ, ದರೋಡೆ ಮಾಡುವಾಗ ಅವಳ ಮನಸ್ಸಿನಲ್ಲಿ ಏನಿತ್ತು ಎಂದು ಓದುಗರಿಗೆ ಕಾಣುವುದೇ ಇಲ್ಲ. ಮುಗಿದ ಮೇಲೆ ಸುದ್ದಿ ಮಾತ್ರ ತಿಳಿಯುತ್ತದೆ. ತೀರ್ಮಾನವನ್ನು ಕಂಡೆವು, ತೀರ್ಮಾನ ಮಾಡಿದವಳನ್ನು ಕಾಣಲಿಲ್ಲ. ಮುಂದಿನ ಎಲ್ಲ ಜಗಳಗಳಿಗೂ ಇದು ಬೀಜ.

ಸಾತ್ಸು ಜೊತೆಗಿನ ರಾತ್ರಿ

2008ರ ಮಾರ್ಚ್‌ನಲ್ಲಿ ಬಂದ ಹನ್ನೆರಡನೇ ಸಂಚಿಕೆ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಬಫಿ ತನ್ನ ಪಡೆಯ ಸಾತ್ಸು ಎಂಬ ಜಪಾನಿ ಹುಡುಗಿಯ ಜೊತೆ ಹಾಸಿಗೆಯಲ್ಲಿದ್ದಳು. ಸಾತ್ಸು ಅವಳನ್ನು ಪ್ರೀತಿಸುತ್ತಾಳೆ ಎಂದು ಬಫಿಗೆ ಗೊತ್ತು. ಹಿಂದಿನ ಸಂಚಿಕೆಯಲ್ಲಿ ಮೃದುವಾಗಿ ಬೇಡ ಅಂದಿದ್ದಳು ಕೂಡ.

ಸಲಿಂಗಪ್ರೇಮದ ಬಗ್ಗೆ ಮೂಗು ಮುರಿದವರು ಇದ್ದರು. ಆ ಗುಂಪಿನ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಹೆಚ್ಚು ಗಮನ ಬೇಡುವ ಆಕ್ಷೇಪ ಬಂದದ್ದು ಸಲಿಂಗಿ ಅಭಿಮಾನಿಗಳಿಂದಲೇ. ಅವರ ನೆನಪಿನಲ್ಲಿ ಟಾರಾ ಇದ್ದಳು. ವಿಲೋಳ ಪ್ರೇಯಸಿ ಟಾರಾ 2002ರಲ್ಲಿ, ಇಬ್ಬರೂ ಮತ್ತೆ ಒಂದಾದ ಬೆನ್ನಲ್ಲೇ, ಗುಂಡೇಟಿಗೆ ಸತ್ತಿದ್ದಳು. ಆ ಗಾಯ ಮಾಗಿರಲಿಲ್ಲ. ಅಂಥವರಿಗೆ ಬಫಿಯ ಈ ರಾತ್ರಿ ಹೇಗೆ ಕಾಣಬೇಕು? ಬಫಿಯನ್ನು ಸಲಿಂಗಿಯಾಗಿ ಮಾಡುತ್ತಿಲ್ಲ, ಅವಳು ಚಿಕ್ಕವಳು, ಪ್ರಯೋಗ ಮಾಡುತ್ತಿದ್ದಾಳೆ ಎಂಬ ಅರ್ಥದಲ್ಲಿ ವೀಡನ್ ಮಾತಾಡಿದರು. ಹಾಗಾದರೆ ಸಾತ್ಸುವಿನ ಪ್ರೀತಿ ಏನು, ಬಫಿಯ ಒಂಟಿತನಕ್ಕೆ ಔಷಧಿಯೇ ಎಂದು ಅವರು ಕೇಳಿದರು.

ಇನ್ನೊಂದು ಪ್ರಶ್ನೆ ಅಧಿಕಾರದ್ದು. ಬಫಿ ನಾಯಕಿ, ಸಾತ್ಸು ಅವಳ ಆಜ್ಞೆ ಪಾಲಿಸುವವಳು. ಇದೇ ಜಾಗದಲ್ಲಿ ಗಂಡಸು ಸೇನಾಪತಿ ಇದ್ದಿದ್ದರೆ ನಾವು ಸುಮ್ನೆ ಬಿಡುತ್ತಿದ್ದೆವಾ?

ಆದರೂ ಕಾಮಿಕ್ಸ್‌ನ ದೊಡ್ಡ ವಿವಾದಗಳಲ್ಲಿ ಇದೇ ಅತಿ ಕಡಿಮೆ ಕೆಟ್ಟದ್ದು ಎಂಬುದು ನನ್ನ ಎಣಿಕೆ. ಯಾಕೆಂದರೆ ಇಲ್ಲಿ ಬಫಿ ತಾನೇ ಆರಿಸಿದ್ದಾಳೆ. ಮಂತ್ರವಿಲ್ಲ, ವಿಧಿಯಿಲ್ಲ, ಮೋಸವಿಲ್ಲ. ಅವಳ ಸ್ವಾರ್ಥವನ್ನು ಕಥೆ ಮುಚ್ಚಿಡುವುದೂ ಇಲ್ಲ. ಕೊನೆಗೆ ಸಾತ್ಸು ಟೋಕಿಯೋದಲ್ಲೇ ಉಳಿದು ಅಲ್ಲಿನ ತಂಡವನ್ನು ನಡೆಸಲು ನಿಲ್ಲುತ್ತಾಳೆ. ನೋವು ಉಂಡವಳಿಗೆ ತನ್ನದೇ ಒಂದು ದಾರಿ ಸಿಗುತ್ತದೆ. ತಪ್ಪು ಮಾಡಿದ ಮನುಷ್ಯಳಾಗಿ ಬಫಿ ಇಲ್ಲಿ ಗುರುತು ಸಿಗುತ್ತಾಳೆ.

ಆಕಾಶದಲ್ಲಿ ನಡೆದದ್ದು

ಸೀಸನ್ ಎಂಟರ ಮುಖ್ಯ ಖಳ ಮುಖವಾಡ ಹಾಕಿದ ಟ್ವೈಲೈಟ್. ಅವನ ಯುದ್ಧದಲ್ಲಿ ಎಷ್ಟೋ ಸ್ಲೇಯರ್‌ಗಳು ಸಾಯುತ್ತಾರೆ. 33ನೇ ಸಂಚಿಕೆಯಲ್ಲಿ ಮುಖವಾಡ ಕಳಚುತ್ತದೆ. ಒಳಗಿರುವವನು ಏಂಜಲ್, ಬಫಿಯ ಮೊದಲ ಪ್ರೇಮಿ. ಸಂಚಿಕೆ ಕೈಗೆ ಸಿಗುವ ಮೊದಲೇ ಗುಟ್ಟು ಹೊರಬಿದ್ದಿದ್ದರಿಂದ ಓದುಗರು ಕೋಪದಲ್ಲೇ ಪುಟ ತೆರೆದರು.

34ನೇ ಸಂಚಿಕೆಯಲ್ಲಿ ಆಗುವುದೇ ಅಭಿಮಾನಿಗಳ ನಡುವಿನ ಗೋಡೆ. ತನ್ನ ಹುಡುಗಿಯರ ಸಾವಿಗೆ ಕಾರಣನಾದವನು ಇವನೇ ಎಂದು ತಿಳಿದ ಸ್ವಲ್ಪ ಹೊತ್ತಿಗೇ ಬಫಿ ಏಂಜಲ್ ಜೊತೆ ಕೂಡುತ್ತಾಳೆ. ಹಾರುತ್ತಾ, ಆಕಾಶದಲ್ಲಿ, ಪುಟಗಟ್ಟಲೆ. ಕೆಳಗೆ ಭೂಮಿಯ ಮೇಲೆ ಅನಾಹುತ. ಅವರಿಬ್ಬರ ಕೂಡುವಿಕೆಯಿಂದ ಹೊಸ ಲೋಕವೇ ಹುಟ್ಟುತ್ತದೆ. ಸ್ಲೇಯರ್ ಮತ್ತು ವ್ಯಾಂಪೈರ್ ಸೇರಿ ಹೊಸ ಜಗತ್ತನ್ನು ಹಡೆಯಬೇಕೆಂಬುದು ವಿಶ್ವದ ಯೋಜನೆಯಂತೆ.

ಈ ಜಗಳವನ್ನು ಹೊರಗಿನಿಂದ ನೋಡುವವರು ಏಂಜಲ್ ಪಕ್ಷ, ಬಫಿಯ ಇನ್ನೊಬ್ಬ ವ್ಯಾಂಪೈರ್ ಪ್ರೇಮಿ ಸ್ಪೈಕ್‌ನ ಪಕ್ಷ ಎಂದು ಸರಳವಾಗಿ ಹಂಚಿಬಿಡುತ್ತಾರೆ. ಅದು ಸರಿಯಾದ ಚಿತ್ರವಲ್ಲ. ಸ್ಪೈಕ್ ಅಭಿಮಾನಿಗಳು ಸಿಟ್ಟಾದದ್ದು ನಿಜ. ಆದರೆ ಏಂಜಲ್ ಅಭಿಮಾನಿಗಳಿಗೂ ಸಮಾಧಾನವಾಗಲಿಲ್ಲ. ವರ್ಷಗಟ್ಟಲೆ ಕಾದ ಪುನರ್ಮಿಲನ ಕೊಲೆಗಡುಕನ ಮುಖವಾಡದೊಳಗೆ ಸಿಕ್ಕಿತು. ಒಬ್ಬರಿಗೂ ಬೇಕಾದದ್ದು ಸಿಗಲಿಲ್ಲ.

ಸಮರ್ಥಕರ ವಾದ ಹೀಗಿತ್ತು. ಬಫಿಯನ್ನು ವಿಶ್ವವೇ ತಳ್ಳುತ್ತಿತ್ತು, ಅವಳು ಪೂರ್ತಿ ತನ್ನ ವಶದಲ್ಲಿರಲಿಲ್ಲ, ಹಾಗಾಗಿ ಅವಳನ್ನು ದೂರಬಾರದು. ಎದುರಾಳಿಗಳ ಉತ್ತರ ಇನ್ನೂ ತೀಕ್ಷ್ಣ. ವಶದಲ್ಲಿರಲಿಲ್ಲ ಎಂದರೆ ಅದು ಪ್ರೇಮವೂ ಅಲ್ಲ, ಸಮ್ಮತಿಯೂ ಅಲ್ಲ. ಹಾಗಿದ್ದರೆ ಅದನ್ನು ಸಂಭ್ರಮದ ಹಾಗೆ ಯಾಕೆ ಬರೆದಿರಿ? ವಶದಲ್ಲಿದ್ದಳು ಎಂದರೆ, ಸತ್ತ ಹುಡುಗಿಯರ ನೆನಪು ಅವಳಿಗೆ ಒಂದು ಕ್ಷಣವೂ ಬರಲಿಲ್ಲವೇ? ಕಥೆ ಎರಡೂ ಕಡೆಗೆ ಕಾಲಿಟ್ಟಿತು. ವಿಧಿ ಮಾಡಿಸಿತು ಎಂದೂ ಹೇಳಬೇಕು, ಅವಳೇ ಬಯಸಿದಳು ಎಂದೂ ಹೇಳಬೇಕು. ಸಂಪುಟ ಮುಗಿದರೂ ಇದಕ್ಕೆ ನೇರ ಉತ್ತರ ಬರಲಿಲ್ಲ.

ಇದೇ ಕಥೆಯಲ್ಲಿ ಒಂದು ಒಳ್ಳೆಯ ತಿರುವೂ ಇದೆ, ಜಗಳದ ಗದ್ದಲದಲ್ಲಿ ಅದು ಮರೆತುಹೋಗಿದೆ. 35ನೇ ಸಂಚಿಕೆಯಲ್ಲಿ ಬಫಿಗೆ ಆ ಹೊಸ ಸ್ವರ್ಗದಲ್ಲಿ ಉಳಿಯುವ ಅವಕಾಶವಿರುತ್ತದೆ. ಕೆಳಗೆ ಗೆಳೆಯರು ಸಾಯುತ್ತಿರುವುದು ಕಾಣುತ್ತದೆ. ಅವಳು ಸ್ವರ್ಗ ಬಿಟ್ಟು ಇಳಿದು ಬರುತ್ತಾಳೆ. ಇದು ಟಿವಿಯ ಬಫಿಯೇ, ಅನುಮಾನವಿಲ್ಲ.

ಬೀಜ ಒಡೆದವಳು

ಇಳಿದು ಬಂದದ್ದಕ್ಕೆ ಬೆಲೆ ತೆರಬೇಕಾಗುತ್ತದೆ. ಭೂಮಿಯ ಎಲ್ಲ ಮಂತ್ರಶಕ್ತಿಯ ಮೂಲವಾದ ಬೀಜವೊಂದು ಸನ್ನಿಡೇಲ್‌ನ ಅವಶೇಷದ ಅಡಿಯಲ್ಲಿದೆ. ಅದಕ್ಕಾಗಿ ಕೊನೆಯ ಯುದ್ಧ. 39ನೇ ಸಂಚಿಕೆಯಲ್ಲಿ ಟ್ವೈಲೈಟ್ ಶಕ್ತಿ ಆವರಿಸಿದ ಏಂಜಲ್ ಜೈಲ್ಸ್‌ರ ಕುತ್ತಿಗೆ ಮುರಿಯುತ್ತಾನೆ. ಬಫಿಗೆ ತಂದೆಯಂತಿದ್ದ ಮನುಷ್ಯ. ಆ ಕ್ಷಣದಲ್ಲಿ ಬಫಿ ಬೀಜವನ್ನು ಒಡೆದು ಹಾಕುತ್ತಾಳೆ. ಮಂತ್ರಶಕ್ತಿ ಭೂಮಿಯಿಂದ ಮಾಯವಾಗುತ್ತದೆ.

ಲೋಕ ಉಳಿಯುತ್ತದೆ. ವಿಲೋಳ ಶಕ್ತಿ ಹೋಗುತ್ತದೆ. ಆಗಲೇ ಸ್ಲೇಯರ್ ಆದವರಿಗೆ ಬಲ ಉಳಿದರೂ ಇನ್ನು ಹೊಸಬರು ಯಾರೂ ಹುಟ್ಟುವುದಿಲ್ಲ. ಅಂದರೆ 2003ರ ಅಂತ್ಯದಲ್ಲಿ ಬಫಿ ಜಗತ್ತಿನ ಹುಡುಗಿಯರಿಗೆ ಕೊಟ್ಟದ್ದನ್ನು ಇಲ್ಲಿ ತಾನೇ ಕಿತ್ತುಕೊಂಡ ಹಾಗಾಯಿತು. ಅವಳದೇ ಹುಡುಗಿಯರು ಅವಳನ್ನು ದ್ವೇಷಿಸುತ್ತಾರೆ. 40ನೇ ಸಂಚಿಕೆಯಲ್ಲಿ ಅವಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಂಗಿ ಡಾನ್ ಮತ್ತು ಝ್ಯಾಂಡರ್ ಮನೆಯಲ್ಲಿ ಜಾಗ ಪಡೆದು, ಕಾಫಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ.

ಬಹಳ ಅಭಿಮಾನಿಗಳು ಇದನ್ನು ಧಾರಾವಾಹಿಯ ಅಂತ್ಯಕ್ಕೆ ಮಾಡಿದ ದ್ರೋಹ ಎಂದರು. ಆ ನೋವು ಅರ್ಥವಾಗುತ್ತದೆ. ಆ ಕೊನೆಯ ಕಂತನ್ನು ನೋಡಿ ಧೈರ್ಯ ತಂದುಕೊಂಡ ಹುಡುಗಿಯರು ಎಷ್ಟೋ ಜನ. ಅವರಿಗೆ ಕೊಟ್ಟ ಮಾತನ್ನು ವಾಪಸ್ ಪಡೆದ ಹಾಗೆ ಅನ್ನಿಸಿತು.

ಆದರೂ ಇಡೀ ಕಾಮಿಕ್ಸ್‌ನಲ್ಲಿ ಬಫಿ ಮಾಡಿದ ಅತಿ ನಿಜವಾದ ಆಯ್ಕೆ ಇದೇ ಎಂದು ನಾನು ವಾದಿಸುತ್ತೇನೆ. ಎರಡು ಕಾರಣ. ಇಲ್ಲಿ ಅವಳ ಕೈಯನ್ನು ಯಾರೂ ಹಿಡಿದು ನಡೆಸುತ್ತಿಲ್ಲ, ವಿಶ್ವದ ಯೋಜನೆಗೆ ವಿರುದ್ಧವಾಗಿಯೇ ಅವಳು ಹೊಡೆಯುತ್ತಾಳೆ. ಜೊತೆಗೆ ಅದರ ಫಲವನ್ನು ಕಥೆ ಮರೆಯುವುದಿಲ್ಲ. ಒಂಬತ್ತನೇ ಸೀಸನ್ನಿನ 25 ಸಂಚಿಕೆಗಳೂ ಈ ಒಂದು ಏಟಿನ ಲೆಕ್ಕ ಚುಕ್ತಾ ಮಾಡುವುದರಲ್ಲೇ ಹೋಗುತ್ತವೆ. ಮಂತ್ರವಿಲ್ಲದ ಲೋಕದಲ್ಲಿ ಹೊಸದಾಗಿ ವ್ಯಾಂಪೈರ್ ಆದವರು ಬುದ್ಧಿಯಿಲ್ಲದ ಮೃಗಗಳಾಗುತ್ತಾರೆ. ಮಂತ್ರದಿಂದಲೇ ಸೃಷ್ಟಿಯಾಗಿದ್ದ ಡಾನ್ ನಿಧಾನವಾಗಿ ಕರಗಲು ಶುರುವಾಗುತ್ತಾಳೆ. ಸತ್ತ ಜೈಲ್ಸ್‌ರನ್ನು ಬದುಕಿಸಲು ಏಂಜಲ್ ಪಶ್ಚಾತ್ತಾಪದಲ್ಲಿ ಒದ್ದಾಡುತ್ತಾನೆ, ಜೈಲ್ಸ್ ಬಾಲಕನ ದೇಹದಲ್ಲಿ ಮರಳುತ್ತಾರೆ. ಒಂದು ಆಯ್ಕೆ, ಅದರಿಂದ ಇಷ್ಟೆಲ್ಲ. ಬಫಿಯನ್ನು ನೀವು ಬೈಯಬಹುದು, ಆದರೆ ಅಲ್ಲಿ ಬೈಯಲು ಒಬ್ಬ ಬಫಿ ಇದ್ದಾಳೆ.

ಸೀಸನ್ ಎಂಟರ ಕೊನೆಯ ಸಂಚಿಕೆಯಲ್ಲಿ ವೀಡನ್ ಓದುಗರಿಗೆ ಪತ್ರ ಬರೆದರು. ಬಜೆಟ್ಟಿನ ಮಿತಿಯಿಲ್ಲದ ಉತ್ಸಾಹದಲ್ಲಿ ಕಥೆಯನ್ನು ಬಹಳ ದೊಡ್ಡದು ಮಾಡಿದೆ, ಮುಂದಿನ ಸೀಸನ್ನಿನಲ್ಲಿ ನೆಲಕ್ಕೆ, ಮನುಷ್ಯರ ಬಳಿಗೆ ಮರಳುತ್ತೇವೆ ಎಂಬುದು ಅದರ ಸಾರ. ಓದುಗರ ಸಿಟ್ಟು ಅವರಿಗೆ ಮುಟ್ಟಿತ್ತು.

ಗರ್ಭ, ಗರ್ಭಪಾತ, ರೋಬೋಟ್

ನೆಲಕ್ಕೆ ಮರಳಿದ್ದೂ ಹೌದು. ಆಂಡ್ರ್ಯೂ ಚ್ಯಾಂಬ್ಲಿಸ್ ಬರೆದ ಒಂಬತ್ತನೇ ಸೀಸನ್ನಿನ ಆರನೇ ಸಂಚಿಕೆ 2012ರ ಫೆಬ್ರವರಿಯಲ್ಲಿ ಬಂತು. ಬಫಿಗೆ ತಾನು ಗರ್ಭಿಣಿ ಎಂದು ಗೊತ್ತಾಗುತ್ತದೆ. ಒಂದು ಪಾರ್ಟಿಯ ರಾತ್ರಿ ಏನಾಯಿತೆಂದು ಅವಳಿಗೆ ನೆನಪಿಲ್ಲ. ಕೈಯಲ್ಲಿ ದುಡ್ಡಿಲ್ಲ, ಜೀವ ಯಾವಾಗ ಹೋಗುತ್ತದೋ ತಿಳಿಯದ ಕೆಲಸ. ಸ್ಲೇಯರ್ ತಾಯಿಯ ಮಗನಾಗಿ ಬೆಳೆದು, ಅವಳನ್ನು ಕಳೆದುಕೊಂಡ ರಾಬಿನ್ ವುಡ್ ಜೊತೆ ಮಾತಾಡುತ್ತಾಳೆ. ಕೊನೆಗೆ ಗರ್ಭಪಾತ ಮಾಡಿಸಿಕೊಳ್ಳುತ್ತೇನೆ ಎಂದು ನಿರ್ಧರಿಸಿ, ಜೊತೆಗಿರು ಎಂದು ಸ್ಪೈಕ್‌ನನ್ನು ಕೇಳುತ್ತಾಳೆ.

ಈ ಸಂಚಿಕೆಯನ್ನು ಮೆಚ್ಚಿದವರು ಬಹಳ. ಕಾರಣ, ಹಿಂದಿನ ಕಥೆಗಳಲ್ಲಿ ಇಲ್ಲದ್ದು ಇಲ್ಲಿತ್ತು. ಅವಳು ಯೋಚಿಸುವುದು ಕಾಣುತ್ತಿತ್ತು. ಅಮೆರಿಕದ ಜನಪ್ರಿಯ ಕಥೆಗಳಲ್ಲಿ ನಾಯಕಿ ಗರ್ಭಪಾತದ ಮಾತೆತ್ತಿದರೆ, ಕೊನೆ ಗಳಿಗೆಯಲ್ಲಿ ಮನಸ್ಸು ಬದಲಾಗುವುದು ಅಥವಾ ಗರ್ಭ ತಾನಾಗಿ ಇಳಿದುಹೋಗುವುದು ಎಷ್ಟೋ ಸಲ ಕಂಡ ದಾರಿ. ಇಲ್ಲಿ ಹಾಗಾಗುವುದಿಲ್ಲ ಎಂದು ಓದುಗರು ನಂಬಿದರು. ಗರ್ಭಪಾತವನ್ನು ಒಪ್ಪದ ಓದುಗರು ಬಫಿಯನ್ನೇ ತೊರೆದರು. ಎರಡೂ ಕಡೆಯವರು ಆ ತೀರ್ಮಾನವನ್ನು ಗಂಭೀರವಾಗಿ ತೆಗೆದುಕೊಂಡಿದ್ದರು ಅನ್ನುವುದು ಮುಖ್ಯ.

ಮುಂದಿನ ಸಂಚಿಕೆಯಲ್ಲಿ ಹೊಡೆದಾಟ. ಬಫಿಯ ಕೈ ತುಂಡಾಗುತ್ತದೆ. ಒಳಗೆ ತಂತಿಗಳು. ಅವಳು ರೋಬೋಟ್. ಅಪಾಯದಿಂದ ಕಾಪಾಡುವ ಯೋಚನೆಯಲ್ಲಿ ಆಂಡ್ರ್ಯೂ ಎಂಬ ಗೆಳೆಯ ಅವಳ ಒಪ್ಪಿಗೆಯಿಲ್ಲದೆ ಅವಳ ಮನಸ್ಸನ್ನು ಯಂತ್ರಕ್ಕೆ ಹಾಕಿ, ನಿಜವಾದ ದೇಹವನ್ನು ಸುಳ್ಳು ನೆನಪುಗಳ ಜೊತೆ ಬೇರೆ ಕಡೆ ಬಚ್ಚಿಟ್ಟಿದ್ದಾನೆ. ಗರ್ಭವೇ ಇರಲಿಲ್ಲ.

ಕಥೆಯನ್ನು ಸಮರ್ಥಿಸುವವರು ಹೇಳುವುದು ಇಷ್ಟು. ತೀರ್ಮಾನ ಮಾಡುವಾಗ ಅವಳಿಗೆ ತಾನು ಯಂತ್ರ ಎಂದು ತಿಳಿದಿರಲಿಲ್ಲ, ಆದ್ದರಿಂದ ತೀರ್ಮಾನ ನಿಜವೇ. ತರ್ಕವಾಗಿ ನೋಡಿದರೆ ಇದು ನಿಲ್ಲುತ್ತದೆ. ಓದುವ ಅನುಭವವಾಗಿ ನಿಲ್ಲುವುದಿಲ್ಲ. ಆಯ್ಕೆಗೆ ಬೆಲೆ ಬರುವುದು ಅದರ ಜೊತೆ ಬದುಕಬೇಕಾದಾಗ. ಕ್ಲಿನಿಕ್ಕಿನ ಬಾಗಿಲ ತನಕ ಕರೆದುಕೊಂಡು ಹೋಗಿ, ಒಳಗೆ ಹೋಗುವ ಅಗತ್ಯವೇ ಇರಲಿಲ್ಲ ಎಂದರೆ, ಅದು ಹಳೆಯ ತಪ್ಪಿಸಿಕೊಳ್ಳುವ ದಾರಿಯೇ, ವೇಷ ಬೇರೆ ಅಷ್ಟೆ. ಇದಕ್ಕಿಂತ ಕಳವಳದ ಸಂಗತಿ ಆಂಡ್ರ್ಯೂ ಮಾಡಿದ್ದು. ಒಬ್ಬ ಹೆಂಗಸಿನ ದೇಹವನ್ನು ಅವಳಿಗೆ ಹೇಳದೆ ಬದಲಿಸಿದ ಕೃತ್ಯ ಅದು. ಅದರ ಭಾರಕ್ಕೆ ತಕ್ಕಷ್ಟು ಜಾಗವನ್ನು ಕಥೆ ಕೊಡಲಿಲ್ಲ.

2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತದ ಸಂವಿಧಾನಾತ್ಮಕ ಹಕ್ಕನ್ನು ತೆಗೆದುಹಾಕಿತು. ಆ ತೀರ್ಪಿನ ನಂತರ ಈ ಸಂಚಿಕೆಗಳನ್ನು ಓದುವ ಅಮೆರಿಕನ್ ಹುಡುಗಿಗೆ ಆರನೇ ಸಂಚಿಕೆ ಇನ್ನೂ ಹತ್ತಿರವಾಗುತ್ತದೆ, ಏಳನೆಯದು ಇನ್ನೂ ಕಹಿಯಾಗುತ್ತದೆ.

ಕಾಗದ ಯಾಕೆ ಜಗಳವನ್ನು ಹೆಚ್ಚಿಸಿತು

ಟಿವಿಯಲ್ಲೂ ಬಫಿ ತಪ್ಪು ಮಾಡಿದ್ದಳು. ಆರನೇ ಸೀಸನ್ನಿನಲ್ಲಿ ಸ್ಪೈಕ್ ಜೊತೆ ಅವಳ ಸಂಬಂಧ ಕ್ರೂರವಾಗಿತ್ತು. ಆಗಲೂ ವಾದಗಳಿದ್ದವು, ಆದರೆ ಇದು ಬಫಿಯೇ ಅಲ್ಲ ಎಂಬ ಕೂಗು ಇಷ್ಟು ಜೋರಾಗಿರಲಿಲ್ಲ. ವ್ಯತ್ಯಾಸಕ್ಕೆ ಮಾಧ್ಯಮವೂ ಕಾರಣ.

ಟಿವಿಯಲ್ಲಿ ಗೆಲ್ಲರ್ ಅವರ ಮುಖ ಇತ್ತು. ಮಾತಿನಲ್ಲಿ ಇಲ್ಲದ ಅಳುಕು, ನಾಚಿಕೆ, ದಣಿವು ಎಲ್ಲ ಅಲ್ಲಿ ಓಡಾಡುತ್ತಿತ್ತು. ಬಫಿ ಕೆಟ್ಟ ಕೆಲಸ ಮಾಡುವಾಗಲೂ ಅವಳಿಗೆ ಏನಾಗುತ್ತಿದೆ ಎಂದು ನೋಡುಗರಿಗೆ ತಿಳಿಯುತ್ತಿತ್ತು. ಕಾಮಿಕ್ಸ್‌ನ ತಿಂಗಳ ಸಂಚಿಕೆಗೆ ಇಪ್ಪತ್ತು ಚಿಲ್ಲರೆ ಪುಟ. ಅದರಲ್ಲಿ ಯುದ್ಧ, ರಾಕ್ಷಸರು, ಹತ್ತು ಪಾತ್ರಗಳು. ಮನಸ್ಸು ಬದಲಾಗುವ ಕ್ಷಣಕ್ಕೆ ಒಂದು ಚೌಕ ಸಿಕ್ಕರೆ ಹೆಚ್ಚು.

ಮತ್ತೆ ಕಾಯುವಿಕೆ. ಟಿವಿಯ ಒಂದು ಕಂತಿನಲ್ಲಿ ಮುಗಿಯುತ್ತಿದ್ದ ಕಥೆ ಇಲ್ಲಿ ನಾಲ್ಕೈದು ತಿಂಗಳು. 34ನೇ ಸಂಚಿಕೆಯಲ್ಲಿ ಆಕಾಶದ ಪ್ರಸಂಗ, ಸ್ವರ್ಗವನ್ನು ತೊರೆಯುವುದು ಮುಂದಿನದರಲ್ಲಿ. ಎರಡರ ನಡುವೆ ಅಭಿಮಾನಿಗಳಿಗೆ ವಾದಿಸಲು ವಾರಗಳು ಸಿಕ್ಕವು. ಉತ್ತರ ಬರುವ ಹೊತ್ತಿಗೆ ತೀರ್ಪು ಆಗಿಹೋಗಿತ್ತು. ಸಂಚಿಕೆಯ ಹಿಂಬದಿಯಲ್ಲಿ ಓದುಗರ ಪತ್ರಗಳಿಗೆ ಜಾಗವಿತ್ತು, ಸಂಪಾದಕರು ಉತ್ತರಿಸುತ್ತಿದ್ದರು. ಅದರಿಂದ ಬರೆಯುವವರು ನಮ್ಮ ಮಾತು ಕೇಳುತ್ತಿದ್ದಾರೆ ಎಂಬ ನಂಬಿಕೆ ಬೆಳೆಯಿತು. ಕೇಳಿಯೂ ಹೀಗೆ ಬರೆದರಲ್ಲ ಎಂಬ ಸಿಟ್ಟೂ ಅಲ್ಲಿಂದಲೇ.

ಈಗ ಅಧಿಕೃತ ಯಾವುದು

ಮೊದಲು ಉತ್ತರ ಸುಲಭವಿತ್ತು. ವೀಡನ್ ಹೇಳಿದ್ದೇ ಅಧಿಕೃತ. ಅದು ಮೂರು ಕಡೆಯಿಂದ ಸಡಿಲವಾಯಿತು.

2018ರಲ್ಲಿ ಕಾಮಿಕ್ಸ್ ಹಕ್ಕು ಡಾರ್ಕ್ ಹಾರ್ಸ್‌ನಿಂದ ಬೂಮ್ ಸ್ಟುಡಿಯೋಸ್‌ಗೆ ಹೋಯಿತು. 2019ರಲ್ಲಿ ಅವರು ಬಫಿಯನ್ನು ಇಂದಿನ ಕಾಲದ ಹೈಸ್ಕೂಲ್ ಹುಡುಗಿಯಾಗಿ ಮೊದಲಿಂದ ಶುರು ಮಾಡಿದರು. ಹಳೆಯ ಐದು ಸೀಸನ್‌ಗಳ ದಾರಿ ಅಲ್ಲಿಗೆ ನಿಂತಿತು. 2023ರ ಅಕ್ಟೋಬರ್‌ನಲ್ಲಿ ಆಡಿಬಲ್ ಎಂಬ ಆಡಿಯೋ ವೇದಿಕೆಯಲ್ಲಿ ಬಂದ ಧ್ವನಿ ನಾಟಕ ಟಿವಿಯ ಅಂತ್ಯದ ಹತ್ತು ವರ್ಷಗಳ ನಂತರ ನಡೆಯುತ್ತದೆ, ಕಾಮಿಕ್ಸ್‌ನ ಘಟನೆಗಳ ಮೇಲೆ ನಿಂತಿಲ್ಲ. ಅದರ ಬರಹಗಾರರಲ್ಲಿ ಒಬ್ಬರು ಟಾರಾ ಪಾತ್ರ ಮಾಡಿದ್ದ ಆಂಬರ್ ಬೆನ್ಸನ್.

ಮೂರನೆಯದು ವೀಡನ್ ಅವರ ಮಾತಿಗಿದ್ದ ಬೆಲೆ. 2021ರ ಫೆಬ್ರವರಿಯಲ್ಲಿ ಕಾರ್ಡೀಲಿಯಾ ಪಾತ್ರಧಾರಿ ಕರಿಷ್ಮಾ ಕಾರ್ಪೆಂಟರ್ ಸೆಟ್ಟಿನಲ್ಲಿ ಅವರ ನಡವಳಿಕೆ ಬಗ್ಗೆ ಬಹಿರಂಗವಾಗಿ ಆರೋಪ ಮಾಡಿದರು. ತನ್ನ ಗರ್ಭಧಾರಣೆಯ ಬಗ್ಗೆ ಅವರು ಕ್ರೂರವಾಗಿ ಮಾತಾಡಿದರು ಎಂಬುದು ಅದರಲ್ಲೊಂದು. ಬೆನ್ಸನ್ ಮತ್ತು ಡಾನ್ ಪಾತ್ರಧಾರಿ ಮಿಷೆಲ್ ಟ್ರ್ಯಾಕ್ಟೆನ್‌ಬರ್ಗ್ ಇಬ್ಬರೂ ಕಾರ್ಪೆಂಟರ್ ಬೆಂಬಲಕ್ಕೆ ನಿಂತರು. ತನ್ನ ವಿರುದ್ಧದ ಹಲವು ಆರೋಪಗಳನ್ನು ವೀಡನ್ ಮುಂದಿನ ವರ್ಷದ ಸಂದರ್ಶನದಲ್ಲಿ ಅಲ್ಲಗಳೆದರು. ಏನೇ ಇರಲಿ, ಹುಲು ಯೋಜನೆಯಲ್ಲಿ ಅವರಿರಲಿಲ್ಲ. ಸೃಷ್ಟಿಕರ್ತ ಹೇಳಿದ್ದರಿಂದ ಇದೇ ನಿಜ ಎಂದು ಕಾಮಿಕ್ಸ್ ಪರ ವಾದಿಸುತ್ತಿದ್ದವರ ಕೈಯಲ್ಲಿದ್ದ ಮುಖ್ಯ ಆಧಾರ ಹೋಯಿತು. ಆರೋಪಗಳ ಬೆಳಕಿನಲ್ಲಿ ಹಳೆಯ ಸಂಚಿಕೆಗಳನ್ನು ಮರಳಿ ಓದುವವರೂ ಹೆಚ್ಚಾದರು. ಬಫಿಯ ದೇಹದ ಮೇಲೆ ಇಷ್ಟು ಸಲ ಬೇರೆಯವರ ಕೈ ಯಾಕೆ ಓಡಿತು ಎಂದು ಕೇಳುವವರು.

ಅದು ಒರಟು ಪ್ರಶ್ನೆ ಅನ್ನಿಸಬಹುದು. ಆದರೆ ಕೇಳಬೇಕಾದ ಪ್ರಶ್ನೆ. ಸೀಸನ್ ಎಂಟು, ಒಂಬತ್ತು ಒಬ್ಬರ ಕೃತಿಯಲ್ಲ, ಹಲವು ಬರಹಗಾರರು ಸೇರಿ ಮಾಡಿದ್ದು ಎಂಬುದನ್ನೂ ಉತ್ತರಿಸುವವರು ಮರೆಯಬಾರದು.

ಮುಂದೇನಾಗಬಹುದು

ಹಕ್ಕುಗಳು ಈಗ ಡಿಸ್ನಿಯ ಬಳಿ ಇವೆ, 2019ರಲ್ಲಿ ಫಾಕ್ಸ್ ಸ್ಟುಡಿಯೋವನ್ನು ಕೊಂಡಾಗ ಬಂದವು. ಪರದೆಗೆ ಬಫಿ ಯಾವ ರೂಪದಲ್ಲಿ ಮರಳಿದರೂ, ಕಾಮಿಕ್ಸ್ ಓದದ ಬಹುಸಂಖ್ಯಾತರಿಗಾಗಿಯೇ ಬರೆಯುತ್ತಾರೆ. ಬೀಜ, ಸ್ವರ್ಗ, ರೋಬೋಟ್ ಇವನ್ನೆಲ್ಲ ವಿವರಿಸುತ್ತಾ ಕೂರುವುದಿಲ್ಲ. ಸದ್ದಿಲ್ಲದೆ ಪಕ್ಕಕ್ಕಿಡುವ ಸಾಧ್ಯತೆಯೇ ಹೆಚ್ಚು.

ಹಾಗಾದರೆ 34ನೇ ಸಂಚಿಕೆಯನ್ನು ದ್ವೇಷಿಸಿದವರಿಗೆ ನಿರಾಳ. ಆದರೆ ಅದರ ಜೊತೆ ಹೋಗುವುದು ಬೇರೆಯೂ ಇದೆ. ಹತ್ತನೇ ಸೀಸನ್ನಿನಲ್ಲಿ ಬಫಿ ಮತ್ತು ಸ್ಪೈಕ್ ಇಬ್ಬರೂ ಬೆಳೆದ ಮನುಷ್ಯರಾಗಿ, ಹಳೆಯ ಗಾಯಗಳ ಬಗ್ಗೆ ಬಿಡಿಸಿ ಮಾತಾಡಿ ಮತ್ತೆ ಜೊತೆಯಾದ ಕಥೆ ಹೋಗುತ್ತದೆ. ಕ್ರಿಸ್ಟೋಸ್ ಗೇಜ್ ಬರೆದು ರೆಬೆಕಾ ಐಸಾಕ್ಸ್ ಚಿತ್ರಿಸಿದ ಆ ಭಾಗ ಈ ಇಡೀ ಪಯಣದಲ್ಲಿ ಅತಿ ಪ್ರೀತಿಯಿಂದ ಮಾಡಿದ ಕೆಲಸ. ಟೋಕಿಯೋದ ಸಾತ್ಸು ಹೋಗುತ್ತಾಳೆ. ತನ್ನ ಗೆಲುವನ್ನೇ ಒಡೆದು ಅದರ ಜೊತೆ ಬದುಕಿದ ಬಫಿಯೂ ಹೋಗುತ್ತಾಳೆ.

ಕಾಮಿಕ್ಸ್ ಬಿಟ್ಟರೂ ಹೊಸ ಬರಹಗಾರರಿಗೆ ಒಂದು ಕೆಲಸ ತಪ್ಪುವುದಿಲ್ಲ. 2003ರ ಕೊನೆಯ ಕಂತಿನಲ್ಲಿ ಜಗತ್ತಿನ ತುಂಬಾ ಸ್ಲೇಯರ್‌ಗಳು ಎದ್ದು ನಿಂತಿದ್ದರು. ಇಪ್ಪತ್ತು ವರ್ಷಗಳ ನಂತರ ಅವರೆಲ್ಲ ನಡುವಯಸ್ಸಿನವರು. ಅವರು ಎಲ್ಲಿದ್ದಾರೆ, ಕೇಳದೇ ಬಂದ ಶಕ್ತಿಯಿಂದ ಅವರ ಬದುಕು ಏನಾಯಿತು, ಬಫಿ ಅವರಿಗೆ ಏನು ಉತ್ತರ ಕೊಡುತ್ತಾಳೆ? ಡಾರ್ಕ್ ಹಾರ್ಸ್ ಹನ್ನೊಂದು ವರ್ಷ ಹೆಣಗಿದ್ದು ಇದೇ ಪ್ರಶ್ನೆಗಳ ಜೊತೆ.